ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದ ಬಿಲ್ಡ್

ಹೆರಿಗೆ ರಜೆ ಮುಗಿಸಿ ಬಂದ ಮೂರನೇ ದಿನಕ್ಕೇ ಅವಳಿಗೆ ತನ್ನ ತಲೆಯ ಮೇಲಿನ ನಂಬಿಕೆ ಹೊರಟುಹೋಗಿತ್ತು. ಬರೆದ ಕೋಡನ್ನೆಲ್ಲ ಜೋಡಿಸಿ ಯಂತ್ರಕ್ಕೆ ಹಾಕಲು ಸಿದ್ಧ ಮಾಡುವ ಬಿಲ್ಡ್ ಕಮಾಂಡು ಒಂಬತ್ತು ವರ್ಷದಿಂದ ಬೆರಳ ತುದಿಯಲ್ಲಿತ್ತು. ಹಿಂದೆಲ್ಲ ಹನ್ನೊಂದು ನಿಮಿಷ ಗೊಣಗಾಡಿಕೊಂಡು ಓಡುತ್ತಿದ್ದದ್ದು, ಈಗ ಟೈಪ್ ಮಾಡಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಪ್ಪು ಪರದೆಯ ಮೇಲೆ ಹಸಿರು ಸಾಲು ತೋರಿಸುತ್ತಿತ್ತು: ಯಶಸ್ವಿಯಾಗಿ ಮುಗಿದಿದೆ.

ಯಂತ್ರವೆಂದರೆ ಆಸ್ಪತ್ರೆಯಲ್ಲಿ ಸಲೈನ್ ಮುಗಿಯುತ್ತ ಬಂದಾಗ ನರ್ಸನ್ನು ಕರೆಯುವ ಗಂಟೆ. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಾಗಲೇ ಬಾರಿಸಲಿ ಎಂದು ಆಸ್ಪತ್ರೆಯವರು ಕೇಳಿದ್ದರು. ಅವಳು ತಿದ್ದಿದಳು, ಬಿಲ್ಡ್ ಮಾಡಿದಳು, ಮೇಜಿನ ಮೇಲಿನ ಯಂತ್ರಕ್ಕೆ ಹಾಕಿದಳು. ಆ ಮೊಂಡು ಗಂಟೆ ಹಿಂದಿನಂತೆ ಒಂದೇ ಬೆರಳು ಉಳಿಯುವ ತನಕ ಬಾಯಿ ಬಿಡಲಿಲ್ಲ. ಐದು ಸಲವೂ ಅಷ್ಟೇ.

ಬೆಳಿಗ್ಗೆ ಕಂಪನಿಯ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು: "ಈ ಕೆಲ್ಸಕ್ಕೆ ಇಬ್ಬರು ಬೇಡಮ್ಮ. ಇವರು ಬಂದ ಮೇಲೆ ಒಂದೇ ಒಂದು ದೂರು ಬಂದಿಲ್ಲ. ನಾಲ್ಕು ಗಂಟೆಯೊಳಗೆ ಈ ತಿಂಗಳ ತಿದ್ದುಪಡಿ ಆಸ್ಪತ್ರೆಗೆ ಕಳಿಸು, ಆಮೇಲೆ ನೋಡೋಣ."

'ಇವರು' ಎಂದರೆ ಅವಳ ಬದಲಿಗೆ ಬಂದಿದ್ದ ಐವತ್ತೆಂಟರ ಮನುಷ್ಯ. ಆಫೀಸಿಗೆಲ್ಲ ದೊಡ್ಡಪ್ಪ. ಪಕ್ಕದ ಕುರ್ಚಿಯಲ್ಲೇ ಕೂತು ಕನ್ನಡಕ ಒರೆಸುತ್ತಿದ್ದರು.

"ದೊಡ್ಡಪ್ಪ, ನಿಮ್ಗೂ ಹೀಗೆ ಆಗ್ತಿತ್ತಾ?"

"ನಂಗೆ ಯಾವಾಗ್ಲೂ ಹಸಿರೇ ಬರ್ತಿತ್ತಮ್ಮ," ಎಂದರು. ತಲೆ ಎತ್ತಲಿಲ್ಲ.

ಅವಳು ಕಂಪ್ಯೂಟರ್ ಆರಿಸಿ ಹಚ್ಚಿದಳು. ಬಿಲ್ಡ್ ತಂತ್ರಾಂಶವನ್ನು ಕಿತ್ತು ಹೊಸದಾಗಿ ಹಾಕಿದಳು. ಬೇರೆ ಫೋಲ್ಡರಿನಲ್ಲಿ ಕಮಾಂಡ್ ಕೊಟ್ಟರೆ 'ಇಲ್ಲಿ ಕಟ್ಟಲು ಏನೂ ಇಲ್ಲ' ಎಂದು ಸರಿಯಾಗಿಯೇ ಬೈಯುತ್ತಿತ್ತು. ಯಂತ್ರದ ಫೋಲ್ಡರಿಗೆ ಬಂದರೆ ಮತ್ತೆ ಹಸಿರು. ಬೈಸಿಕೊಂಡಾಗಲೇ ನೆಮ್ಮದಿ, ಹೊಗಳಿಸಿಕೊಂಡರೆ ಭಯ! ಇದೆಂಥ ಗ್ರಹಚಾರ? ಹೆತ್ತ ಮೇಲೆ ಮರೆವು ಜಾಸ್ತಿ ಎಂದು ಅತ್ತೆ ಹೇಳಿದ್ದನ್ನು ನಕ್ಕು ತಳ್ಳಿಹಾಕಿದ್ದಳು. ಈಗ ನಗು ಬರಲಿಲ್ಲ, ಅಳು ಬಂತು.

ಮೂರು ಗಂಟೆಗೆ, ಬೇರೇನೂ ತೋಚದೆ, 'ನಾನು ಕರೆದಾಗ ಯಾರು ಓಗೊಡುತ್ತಿದ್ದಾರೆ?' ಎಂದು ಕಂಪ್ಯೂಟರನ್ನೇ ಕೇಳಿದಳು. ಅದಕ್ಕೂ ಒಂದು ಕಮಾಂಡ್ ಇದೆ. ಉತ್ತರವಾಗಿ ಎರಡು ವಿಳಾಸ ಬಂದವು. ಕಪ್ಪು ಪರದೆ ಯಾರನ್ನೇ ಕರೆಯಲಿ, ಮೊದಲು ತಾನಿರುವ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿ ಬಿಲ್ಡ್ ತಂತ್ರಾಂಶದ ಹೆಸರನ್ನೇ ಇಟ್ಟುಕೊಂಡ ಒಂದು ಪುಟ್ಟ ಫೈಲ್ ಕೂತಿತ್ತು. ತೆರೆದಳು. ಹಸಿರು ಬಣ್ಣದಲ್ಲಿ 'ಯಶಸ್ವಿಯಾಗಿ ಮುಗಿದಿದೆ' ಎಂದು ತೋರಿಸುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಹುಟ್ಟಿ ಆರು ತಿಂಗಳಾಗಿತ್ತು.

ಗೆದ್ದೆ ಎನಿಸಿತು. ಆ ಖುಷಿ ಮುಖದ ಮೇಲೆ ಬಂದದ್ದನ್ನು ದೊಡ್ಡಪ್ಪ ನೋಡಿಬಿಟ್ಟರು.

"ಮೊದಲ್ನೇ ದಿನ ಬರೀ ಕೆಂಪು ಬಂತು ತಾಯಿ," ಎಂದರು ಮೆಲ್ಲಗೆ. "ನಿಂಗೆ ಫೋನ್ ಮಾಡೋಣ ಅಂದ್ಕೊಂಡೆ. ಹಸಿ ಬಾಣಂತಿ, ಎಬ್ಬಿಸೋದು ಬೇಡ ಅನ್ನಿಸ್ತು. ಒಂದ್ ತಿಂಗಳು ಹೋಗ್ಲಿ, ಆಮೇಲೆ ಕೇಳೋಣ ಅಂತ ಅದನ್ನ ಮಾಡಿಟ್ಟೆ. ಅಷ್ಟರಲ್ಲಿ ಯಜಮಾನರು ಹೊಗಳೋಕೆ ಶುರು ಮಾಡಿದ್ರು. ಹೊಗಳಿದ ಮೇಲೆ ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ?"

"ಮತ್ತೆ ತಿಂಗಳು ತಿಂಗಳು ಆಸ್ಪತ್ರೆಗೆ ಏನು ಕಳಿಸ್ತಿದ್ರಿ?"

"ನೀನು ಹೋಗೋಕೆ ಮುಂಚೆ ಕಟ್ಟಿದ್ದನ್ನೇ. ವರ್ಷನ್ ನಂಬರ್ ಮಾತ್ರ ಬದಲಾಯಿಸ್ತಿದ್ದೆ."

ಅವಳಿಗೆ ಸಿಟ್ಟು ಮಾಡಬೇಕೋ ಸಮಾಧಾನ ಹೇಳಬೇಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ಆಯ್ತಾ?"

ಒಂದು ಮಾತು ಆಡಿದರೆ ಕೆಲಸ ಅವಳದು. ಅವಳು ಆ ಮಾತು ಬಿಟ್ಟು ಪರದೆಯತ್ತ ತಿರುಗಿದಳು.

"ಆರು ತಿಂಗಳಿಂದ ಆಗೇ ಇಲ್ಲ ಸಾರ್," ಎಂದು ದೊಡ್ಡಪ್ಪ ಎದ್ದು ನಿಂತು ಎಲ್ಲ ಹೇಳಿದರು.

ಯಜಮಾನರು ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿದರು. "ಹಂಗಾದ್ರೆ ನಾನು ಇಷ್ಟು ದಿನ ಹೊಗಳಿದ್ದು ಯಾರನ್ನ?"

"ಇವಳನ್ನೇ ಸಾರ್," ಎಂದರು ದೊಡ್ಡಪ್ಪ. "ಮನೇಲಿ ಮಗೂನ ಮಲಗಿಸ್ತಾ ಇದ್ಲು."