ಅಪ್ಪಣೆಯ ಚಿಟಿಕೆ

ಮನುಷ್ಯರನ್ನು ಮಾರುವವರು ತಲೆಯ ಮೇಲೆ ಕೊಂಬು ಹೊತ್ತು ಬರುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಹಿಡಿದು, ಕುಶಲ ವಿಚಾರಿಸುತ್ತ ಬರುತ್ತಾರೆ. ಆ ಮಧ್ಯಾಹ್ನ ಇಸ್ತ್ರಿಯವಳ ಮನೆಗೆ ಬಂದವಳು ಅವಳ ಒಡಹುಟ್ಟಿದ ತಂಗಿಯೇ.

ಒಂದೇ ಕೋಣೆಯ ಮನೆ. ಅರ್ಧವನ್ನು ಇಸ್ತ್ರಿಯ ಮೇಜು ನುಂಗಿತ್ತು. ಉಳಿದರ್ಧವನ್ನು ಊರವರ ಬಟ್ಟೆಗಳ ಗಂಟು. ನಿಂತು ನಿಂತು ತಾಯಿಯ ಕಾಲಿನ ನರಗಳು ಗಂಟುಗಟ್ಟಿದ್ದವು. ಹಿರಿಯ ಮಗಳು ಗೋಡೆಗೊರಗಿ ಕುಳಿತಿದ್ದಳು. ಹೊಲಿಗೆ ಕಲಿಸುತ್ತಾರೆಂದು ಹಿಂದೆ ಅವಳನ್ನು ಕರೆದೊಯ್ದವಳು ಇದೇ ಚಿಕ್ಕಮ್ಮ. ಪೊಲೀಸರು ಹೊಲಿಗೆ ಶೆಡ್ಡೊಂದರ ಬೀಗ ಒಡೆದು ಅವಳನ್ನು ಮನೆಗೆ ತಲುಪಿಸಿದಾಗ, ತಾಯಿಗಿಂತ ಜೋರಾಗಿ ಅತ್ತವಳೂ ಇವಳೇ.

"ಗೇಟಿನ ತನಕ ಬಿಟ್ಟು ಬಂದೆ ಅಷ್ಟೇ ಅಕ್ಕ. ಒಳಗೆ ಕಾಲಿಟ್ಟಿದ್ರೆ ಆ ಕಾಲು ಸೇದಿಹೋಗ್ಲಿ" ಎಂದು ಆಣೆಯಿಟ್ಟಿದ್ದಳು.

ತಾಯಿ ನಂಬಿದಳು. ನಂಬದಿದ್ದರೆ, ಕೈಯಾರೆ ಮಗಳನ್ನು ಕೊಟ್ಟ ತಪ್ಪು ತನ್ನದಾಗುತ್ತಿತ್ತು. ಮಗಳನ್ನು ಏನೂ ಕೇಳಲಿಲ್ಲ. "ಆದದ್ದು ಆಯ್ತು, ಬೀದಿಯವರ ಬಾಯಿಗೆ ಬೀಳೋದು ಬೇಡ" ಎಂದು ಅವಳ ಬಾಯಿಯನ್ನೂ ಮುಚ್ಚಿಸಿದಳು. ಮಾನ ಕಾಯಲೆಂದು ಹೊದಿಸಿದ ಆ ಮೌನದ ಮರೆಯಲ್ಲೇ ಇಂಥವರ ವ್ಯಾಪಾರ ನಡೆಯುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಮಗಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಕುಳಿತಲ್ಲೇ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಸುಮ್ಮನಿರುತ್ತಿದ್ದಳು. "ಏನು ಬೇಕೇ?" ಎಂದರೆ ಇಳಿಸುತ್ತಿದ್ದಳು. ಕೆಲವೊಮ್ಮೆ ಕುಳಿತಲ್ಲೇ ಬಟ್ಟೆ ಒದ್ದೆಯಾಗುತ್ತಿತ್ತು. ನರದ ದೋಷವಿರಬೇಕೆಂದು ತಾಯಿ ಆ ಕೈಗೆ ಎಣ್ಣೆ ತಿಕ್ಕುತ್ತಿದ್ದಳು.

ಈಗ ಕಿರಿಯ ಮಗಳ ಸರದಿ. ಅವಳ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು.

"ಈ ಸಲ ಬೇರೆ ಕಡೆ ಅಕ್ಕ. ಒಬ್ಬ ಮುದುಕೀನ ನೋಡ್ಕೊಳ್ಳೋದು. ರಾಣಿ ಹಾಗೆ ಇರ್ತಾಳೆ."

"ಯಾವ ರಾಣಿ ಚಿಕ್ಕಮ್ಮ ಮುದುಕಿಯ ಹೇಲು ಬಳಿಯೋದು?" ಎಂದಳು ಕಿರಿಯಳು.

"ನೋಡಕ್ಕ, ನಾಲಿಗೆಯೋ ಕತ್ತರಿಯೋ! ನಿನ್ನ ಬಟ್ಟೆ ಗಂಟಿನ ಹತ್ರ ಬಿಡಬೇಡ."

"ಹೋಗಿ ಬಾರೇ, ಮಗಾ" ಎಂದಳು ತಾಯಿ, ತಲೆಯೆತ್ತದೆ. "ನನ್ನ ಕಾಲು ಇನ್ನು ನಿಲ್ಲೋಲ್ಲ."

ಅಷ್ಟರಲ್ಲಿ ಹಿರಿಯಳ ಕೈ ಮೇಲೆದ್ದಿತು. ಚಿಕ್ಕಮ್ಮ ಮಾತು ನಿಲ್ಲಿಸಲಿಲ್ಲ, ಪೂರ್ತಿ ತಿರುಗಿಯೂ ನೋಡಲಿಲ್ಲ. ಚಿಟಿಕೆ ಹೊಡೆದು, "ಹೂಂ, ಹೋಗು, ಬೇಗ ಬಾ" ಎಂದಳು.

ಹಿರಿಯಳು ತಟ್ಟನೆ ಎದ್ದು ಹಿತ್ತಲಿನ ಬಚ್ಚಲಿಗೆ ಹೋದಳು.

ಇಸ್ತ್ರಿಪೆಟ್ಟಿಗೆ ಅಂಗಿಯೊಂದರ ಬೆನ್ನ ಮೇಲೆ ನಿಂತುಬಿಟ್ಟಿತು.

"ಚಿಕ್ಕಮ್ಮ," ಕಿರಿಯಳು ನಿಧಾನವಾಗಿ ಕೇಳಿದಳು, "ಬಚ್ಚಲಿಗೆ ಹೋಗೋಕೆ ಕೈ ಎತ್ತುತ್ತಾಳೆ ಅಂತ ಜೊತೆಗಿರೋ ನಮಗೇ ಗೊತ್ತಿರ್ಲಿಲ್ಲ. ಗೇಟಿನ ಹೊರಗೆ ನಿಂತ ನಿನಗೆ ಹೇಗೆ ಗೊತ್ತಾಯ್ತು?"

"ಅಯ್ಯೋ, ಅಂದಾಜು ಕಣೇ!"

"ಅಂದಾಜಿಗೆ ಯಾರಾದ್ರೂ ಚಿಟಿಕೆ ಹೊಡೀತಾರಾ?"

ಬಟ್ಟೆ ಸೀದ ವಾಸನೆ ಕೋಣೆಯನ್ನು ತುಂಬಿತು. ತಾಯಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಏಳು."

"ಅಕ್ಕ, ಒಂದೇ ಹೊಟ್ಟೇಲಿ ಹುಟ್ಟಿದವಳನ್ನ..."

"ಆ ಹೊಟ್ಟೆಗೇ ಬೆಂಕಿ ಇಟ್ಟೆಯಲ್ಲೇ. ಏಳು!"

ಚಿಕ್ಕಮ್ಮ ಎದ್ದಳು. ಬಿಸ್ಕತ್ತಿನ ಪೊಟ್ಟಣವನ್ನು ಮರೆಯದೆ ಎತ್ತಿಕೊಂಡು ಹೊರನಡೆದು, ನೆರೆಯ ಪಾತ್ರೆ ತೊಳೆಯುವವಳ ಬಾಗಿಲು ತಟ್ಟಿದಳು. ಆ ಮನೆಯಲ್ಲೂ ಬೆಳೆದ ಹುಡುಗಿಯಿದ್ದಳು.

ತಾಯಿ ಹೊಸ್ತಿಲಲ್ಲಿ ನಿಂತಳು. ಬಾಯಿ ಬಿಟ್ಟರೆ, ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಬೀದಿಪಾಲು. ಆಮೇಲೆ ಊದಿದ ಕಾಲುಗಳನ್ನು ಎಳೆಯುತ್ತ ಬೀದಿಗಿಳಿದಳು.

"ಬಾಗಿಲು ತೆಗೀಬೇಡ ಕಣೇ! ನನ್ನ ಹಿರೀ ಮಗಳನ್ನ ಮಾರಿದವಳು ಇವಳು! ಕೇಳಿಸ್ತಾ?"

ಒಂದೊಂದಾಗಿ ಕಿಟಕಿಗಳು ತೆರೆದವು.

ಒಳಗೆ, ಬಚ್ಚಲಿನಿಂದ ಮರಳಿದ ಹಿರಿಯಳು ಗೋಡೆಯ ಬಳಿ ನಿಂತೇ ಇದ್ದಳು. ಕುಳಿತುಕೊಳ್ಳಲು ಯಾರೂ ಹೇಳಿರಲಿಲ್ಲ. "ಕೂತ್ಕೋ ಅಕ್ಕ" ಎನ್ನಲು ಕಿರಿಯಳು ಬಾಯಿ ತೆರೆದು ಸುಮ್ಮನಾದಳು. ಅದೂ ಅಪ್ಪಣೆಯೇ ಆಗುತ್ತಿತ್ತು. ತನ್ನ ಚೀಲವನ್ನು ಮೇಜಿನಡಿ ತಳ್ಳಿ, ಅಕ್ಕನ ಪಕ್ಕದಲ್ಲಿ ತಾನೂ ನಿಂತಳು.