ಗಂಜಿ ಸಾಹುಕಾರನಿಗೂ ಕ್ಷಮೆ

ಲಾಂಡ್ರಿಯ ಮೂಲೆಯ ಟಿವಿಯಲ್ಲಿ ಇಬ್ಬರು ದೊಡ್ಡ ಮನುಷ್ಯರು ಕಚ್ಚಾಡುತ್ತಿದ್ದರು. ಕಾಗದವಿಲ್ಲದೆ ದೇಶದೊಳಗೆ ಬಂದು ದುಡಿಯುವವರನ್ನು ಕ್ಷಮಿಸಿ ಇಲ್ಲೇ ಇಟ್ಟುಕೊಳ್ಳಬೇಕು ಎಂದು ಒಬ್ಬ; ಕುತ್ತಿಗೆ ಹಿಡಿದು ಗಡಿಯಾಚೆ ದಬ್ಬಬೇಕು ಎಂದು ಇನ್ನೊಬ್ಬ. ಇಸ್ತ್ರಿ ಮೇಜಿನ ಅಕ್ಕ ಹೋಟೆಲಿನ ಬೆಡ್‌ಶೀಟನ್ನು ತೀಡುತ್ತಾ, "ಕ್ಷಮಿಸ್ತಾರಂತೆ. ಇವರಪ್ಪನ ಗಂಟು ಏನು ತಿಂದಿದೀವಿ ನಾವು?" ಎಂದಳು.

ಪಕ್ಕದಲ್ಲಿ ಶೀಟು ಮಡಚುತ್ತಿದ್ದ ನಾದಿನಿ, ಅಂದರೆ ಅವಳ ತಮ್ಮನ ಹೆಂಡತಿ, "ಕ್ಷಮಿಸ್ಲಿ ಬಿಡಿ ಅತ್ತಿಗೆ. ನಮಗೆ ಕಾಗದ ಸಿಕ್ರೆ ನಮ್ಮವರನ್ನ ವಾಪಸ್ ಕರೆಸ್ಕೋಬಹುದಲ್ಲ," ಎಂದಳು.

ಅಕ್ಕ ಇಸ್ತ್ರಿಯನ್ನು ಶೀಟಿನ ಮೇಲೆ ಕುಕ್ಕಿದಳು. ತಮ್ಮನ ಮಾತು ಬಂದರೆ ಅವಳಿಗೆ ಸಾಹುಕಾರನ ಮುಖ ನೆನಪಾಗುತ್ತಿತ್ತು.

ಲಾಂಡ್ರಿಯ ಸಾಹುಕಾರನಿಗೆ ಕೆಲಸದವರೆಲ್ಲ ಸೇರಿ ಇಟ್ಟ ಹೆಸರು ಗಂಜಿ. ಗಂಜಿ ಹಾಕಿದ ಅಂಗಿಯ ಕಾಲರಿನಷ್ಟೇ ಕುತ್ತಿಗೆಯೂ ಬಿರುಸು, ಬಗ್ಗಿದ್ದನ್ನು ಕಂಡವರಿಲ್ಲ. ಕಾಗದ ತಪಾಸಣೆಯವರ ಗಾಡಿ ಬೀದಿಗೆ ಬಂದರೆ ಅವನು ಗಲ್ಲಾದ ಕೆಳಗಿನ ಗಂಟೆ ಒತ್ತುತ್ತಿದ್ದ. ಒತ್ತಿದ್ದೇ ತಡ, ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಯ್ಲರಿನ ಹಿಂದಿನ ಕತ್ತಲೆಗೆ ಓಡಬೇಕು. ಅಷ್ಟು ವರ್ಷ ಹಾಗೇ ನಡೆದಿತ್ತು. ಆದರೆ ತಮ್ಮ ವಾರಕ್ಕೊಂದು ರಜೆ ಬೇಕೆಂದು ಬಾಯಿಬಿಟ್ಟ ಮರುದಿನ ಗಾಡಿ ಬಂತು, ಗಂಟೆ ಹೊಡೆದುಕೊಳ್ಳಲೇ ಇಲ್ಲ. ಅವತ್ತು ನಾದಿನಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಅಕ್ಕ ಬಗ್ಗಿ ನೋಡಿದಾಗ, ಗಂಜಿ ತಾನೇ ಹಿಂಬಾಗಿಲು ತೆಗೆದು, ಹಿತ್ತಿಲಲ್ಲಿ ಒಬ್ಬನೇ ಬಟ್ಟೆ ಒಗೆಯುತ್ತಿದ್ದ ತಮ್ಮನ ಕಡೆ ಬೆರಳು ತೋರಿಸುತ್ತಿದ್ದ. ಅವನ ಬೆರಳು ಸೇದಿಹೋಗ. ತಮ್ಮನನ್ನು ಒದ್ದೆ ಬಟ್ಟೆಯಲ್ಲೇ ಗಾಡಿಗೆ ಹತ್ತಿಸಿದರು. ಆಮೇಲೆ ಗಡಿ ದಾಟಿಸಿದರು.

ಅವತ್ತು ಗಂಟೆ ಕೇಳಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು; ಬೆರಳು ತೋರಿಸಿದ್ದನ್ನು ಮಾತ್ರ ಅಕ್ಕ ನಾದಿನಿಗೆ ಹೇಳಿರಲಿಲ್ಲ. ಹೇಳಿದರೆ ಈ ಹುಡುಗಿ ಗಂಜಿಯ ಮುಖಕ್ಕೆ ಉಗಿದು ತಾನೂ ಗಾಡಿ ಹತ್ತಿಯಾಳು ಎಂಬ ಭಯ. ತಾನೊಬ್ಬಳೇ ಹಲ್ಲು ಕಚ್ಚಿಕೊಂಡು ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಒಂದು ದಿನ ನಿನಗೆ ಮಣ್ಣು ಮುಕ್ಕಿಸದಿದ್ದರೆ ಕೇಳು ಎಂದು ಒಂದೊಂದು ಮಡಿಕೆಗೂ ಅಂದುಕೊಂಡಳು.

ಕೊನೆಗೆ ಕಾನೂನು ಪಾಸಾಯಿತು. ಅಧಿಕಾರಿ ಕೆಲಸದ ಜಾಗಕ್ಕೇ ಬರುತ್ತಾರೆ, ಕೆಲಸ ಮಾಡುತ್ತಿರುವವರನ್ನು ಕಣ್ಣಾರೆ ಕಂಡರೆ ಕಾಗದ ಕೊಡುತ್ತಾರೆ. ಕದ್ದುಮುಚ್ಚಿ ಕೆಲಸಕ್ಕಿಟ್ಟುಕೊಂಡ ಧಣಿಗೂ ಕ್ಷಮೆ ಉಂಟು, ಕೆಲಸದವರ ದೂರು ಇಲ್ಲದಿದ್ದರೆ. ದೂರು ಬಂತೋ, ಧಣಿಯ ಮೇಲೆ ಕೇಸು. ಅದು ಮುಗಿಯುವ ತನಕ ಕೆಲಸದವರ ಕಾಗದಕ್ಕೂ ತಡೆ.

ಕ್ಷಮೆ ಕೂಡದೆಂದು ವ್ಯಾಪಾರಿಗಳ ಸಭೆಯಲ್ಲಿ ಗಂಟಲು ಹರಿದುಕೊಂಡಿದ್ದ ಗಂಜಿಯ ಬಾಯಲ್ಲಿ ಈಗ ಬೆಣ್ಣೆ. "ನೀವೆಲ್ಲ ನನ್ನ ಮಕ್ಕಳಿದ್ದ ಹಾಗೆ. ಸಾಹೇಬರು ಬಂದಾಗ ಸುಮ್ನೆ ಕೆಲಸ ಮಾಡ್ತಾ ಇರಿ, ಸಾಕು," ಎಂದ.

ಸಾಹೇಬರು ಬರುವ ದಿನ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಗಲ್ಲಾದ ಕೆಳಗಿನ ಗಂಟೆ ಹೊಡೆದುಕೊಂಡಿತು.

ಕಾಲುಗಳಿಗೆ ಕಾನೂನು ಗೊತ್ತೇ? ಅಕ್ಕ ಇಸ್ತ್ರಿ ಬಿಟ್ಟು ಓಡಿದಳು, ನಾದಿನಿ ಓಡಿದಳು, ಎಲ್ಲರೂ ಓಡಿದರು. ಬಾಯ್ಲರಿನ ಹಿಂದೆ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕೂತರು. ಹೊರಗಡೆ ಗಂಜಿಯ ದನಿ ಕೇಳುತ್ತಿತ್ತು: "ಯಾರೂ ಇಲ್ಲ ಸರ್. ಎಲ್ಲಾ ಮಿಶೀನೇ ಮಾಡೋದು."

ನಾದಿನಿ ಮೆಲ್ಲಗೆ ಕೇಳಿದಳು: "ಅತ್ತಿಗೆ, ಇವತ್ತು ನಾವ್ಯಾಕೆ ಬಚ್ಚಿಟ್ಕೊಂಡಿದೀವಿ?"

ಅಧಿಕಾರಿ ತಮ್ಮನ್ನು ಕಾಣದಿದ್ದರೆ ಕಾಗದವೂ ಇಲ್ಲ, ಗಂಜಿಯ ಮೇಲೆ ದೂರೂ ಇಲ್ಲ ಎಂದು ಅಕ್ಕನಿಗೆ ಆಗ ಹೊಳೆಯಿತು; ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ನಾದಿನಿಯ ರಟ್ಟೆ ಹಿಡಿದು ದರದರನೆ ಹೊರಗೆ ಬಂದಳು. ಹಿಂದೆಯೇ ಉಳಿದವರೂ ಬಂದರು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. ಗಂಜಿ ಕಣ್ಣು ಮಿಟುಕಿಸುವುದರೊಳಗೆ ಬಣ್ಣ ಬದಲಾಯಿಸಿದ. "ಇಲ್ಲೇ ಇದಾರೆ ನೋಡಿ ಸರ್, ಊಟಕ್ಕೆ ಹೋಗಿದ್ರು ಅಂದ್ಕೊಂಡಿದ್ದೆ."

"ಇವರ ಮೇಲೆ ದೂರು ಏನಾದ್ರೂ ಇದೆಯಾ?" ಎಂದು ಅಧಿಕಾರಿ ಎಲ್ಲರಿಗಿಂತ ಹಿರಿಯಳಾದ ಅಕ್ಕನನ್ನು ಕೇಳಿದರು.

ಕಾದಿದ್ದ ಗಳಿಗೆ ಕಾಲಬುಡಕ್ಕೇ ಬಂದು ಬಿದ್ದಿತ್ತು. ಅಕ್ಕ ನಾದಿನಿಯ ಮುಖ ನೋಡಿದಳು. ಕಾಗದ ಸಿಕ್ಕರೆ ಗಂಡ ಬರುತ್ತಾನೆಂದು ಕಾದು ಕೂತ ಮುಖ. ಅವಳ ಸಂಸಾರ ಹಾಳು ಮಾಡಿ ನನ್ನ ಸೇಡು ತೀರಿಸಿಕೊಳ್ಳಲೇ? "ಇಲ್ಲ ಸರ್," ಎಂದಳು. ಗಂಜಿ ಸಣ್ಣಗೆ ನಕ್ಕ.

"ಇದೆ," ಎಂದಳು ನಾದಿನಿ. ಅವಳ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ಯಾರೂ ಕೇಳಿರಲಿಲ್ಲ. "ಬೇಡದ ದಿನ ಗಂಟೆ ಒತ್ತಿದ ಈ ಮನುಷ್ಯ, ನನ್ನ ಗಂಡನ್ನ ಹಿಡ್ಕೊಂಡು ಹೋದ ದಿನ ಯಾಕೆ ಒತ್ತಲಿಲ್ಲ, ಕೇಳಿ ಸರ್."

"ನಿಮ್ಮ ಕಾಗದ ನಿಂತುಹೋಗುತ್ತಮ್ಮ. ಎಷ್ಟು ವರ್ಷ ಅಂತ ಹೇಳೋಕಾಗಲ್ಲ," ಎಂದರು ಅಧಿಕಾರಿ.

"ನಿಲ್ಲಲಿ. ಇವನ ಜೊತೆ ಸಾಲಲ್ಲಿ ನಿಂತು ಕ್ಷಮೆ ಬೇಡೋದು ನನಗೆ ಬೇಡ. ನಮ್ಮವರು ಬರೋದು ತಡ ಆಗ್ಲಿ, ಇವನಿಗೆ ಮಾತ್ರ ಕ್ಷಮೆ ಕೊಡಬೇಡಿ."

"ಸುಳ್ಳು ಸರ್," ಎಂದ ಗಂಜಿ. "ನೋಡಿದವರು ಯಾರಿದಾರೆ?"

"ನಾನಿದೀನಿ," ಎಂದಳು ಅಕ್ಕ. "ಮಹಡಿ ಮೇಲಿದ್ದೆ. ಹಿಂಬಾಗಿಲು ತೆಗೆದದ್ದು ಇವನೇ, ಬೆರಳು ತೋರಿಸಿದ್ದೂ ಇವನೇ. ಬರ್ಕೊಳ್ಳಿ ಸರ್."

ಗಂಜಿ ಮಾಸಿದ ಬೆಡ್‌ಶೀಟುಗಳ ರಾಶಿಯ ಮೇಲೆ ಕುಸಿದು ಕೂತ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾದಿನಿ ಮಾತ್ರ ಗಂಜಿಯನ್ನು ನೋಡುತ್ತಿರಲಿಲ್ಲ. ಗೊತ್ತಿದ್ದೂ ಇಷ್ಟು ದಿನ ನನ್ನಿಂದ ಮುಚ್ಚಿಟ್ಟೆಯಾ ಎಂಬಂತೆ ಅಕ್ಕನನ್ನೇ ನೋಡುತ್ತಿದ್ದಳು. ಅದಕ್ಕೆ ಮನೆಗೆ ಹೋಗಿ ಉತ್ತರ ಕೊಡಬೇಕು, ಕೊಟ್ಟರೂ ಅವಳು ಒಪ್ಪಲಿಕ್ಕಿಲ್ಲ. ಮೊದಲು ಗಂಜಿಯ ಲೆಕ್ಕ ಮುಗಿಯಲಿ ಎಂದು ಅಕ್ಕ ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡಳು.