ಉಳಿದುಬಿಟ್ಟ ಸ್ಕ್ರೂ

ಗಡಿಯಾರ ರಿಪೇರಿಯವನಿಗೂ ಅವನ ಹೆಂಡತಿಯ ಅಣ್ಣನಾದ ಪಾದ್ರಿಗೂ ಕಂಡಾಗಲೆಲ್ಲ ಅದೇ ಜಗಳ. “ಗಡಿಯಾರ ಮಾಡಿದವನೊಬ್ಬ ಇದ್ದಾನೆ, ಜಗತ್ತನ್ನ ಮಾಡಿದವನು ಇಲ್ವಾ?” ಎಂದು ಪಾದ್ರಿ ಕೇಳಿದರೆ, “ಸಾವಿರ ಗಡಿಯಾರ ಬಿಚ್ಚಿದೀನಿ ಭಾವ, ಒಳಗೆ ಧೂಳು ಬಿಟ್ಟು ಯಾರೂ ಸಿಕ್ಕಿಲ್ಲ” ಎಂದು ಇವನು ನಗುತ್ತಿದ್ದ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಇವನಿಗೆ ಮಗಳು ಹುಟ್ಟಿದಳು. ಖುಷಿಗೆ ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡಾಕ್ಟರ ಕೈ ಕುಲುಕಿದ, ನರ್ಸುಗಳಿಗೆಲ್ಲ ಕೇಕ್ ಹಂಚಿದ, ಗೇಟಿನ ಕಾವಲುಗಾರನನ್ನೂ ತಬ್ಬಿಕೊಂಡ. ಕೊನೆಗೆ ಮಗು ನೋಡಲು ಬಂದ ಪಾದ್ರಿಯನ್ನು ಮೂಲೆಗೆಳೆದು ಗದರಿದ:

“ಉಪದೇಶ ಶುರು ಮಾಡಿದ್ರೆ ನೋಡಿ ಮತ್ತೆ! ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಮುಗಿಸಿದೆ. ಆದ್ರೂ ಎದೇಲಿ ಇನ್ನೂ ಒಂದು ಥ್ಯಾಂಕ್ಸ್ ಉಳಿದುಬಿಟ್ಟಿದೆ. ಯಾರಿಗೆ ಹೇಳ್ಲಿ?”

ಪಾದ್ರಿ ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡ. “ಗಡಿಯಾರ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದ್ರೆ ಏನ್ಮಾಡ್ತೀರಾ?”

“ಇನ್ನೇನು? ಅದಕ್ಕೊಂದು ಜಾಗ ಇದ್ದೇ ಇರುತ್ತೆ. ಮತ್ತೆ ಬಿಚ್ಚಿ ಹುಡುಕ್ತೀನಿ” ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ.

ಪಾದ್ರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಮೋಸ ಭಾವ, ಇದು ಮೋಸ!” ಎಂದು ಇವನೂ ನಕ್ಕುಬಿಟ್ಟ. ಆಮೇಲೆ ಮಗಳನ್ನು ಎದೆಗವಚಿಕೊಂಡು ಚಾವಣಿಯತ್ತ ಗೊಣಗಿದ:

“ಇದ್ರೆ ಕೇಳಿಸ್ಕೋ. ಥ್ಯಾಂಕ್ಸ್!”